ನೊರೆಯಲ್ಲಿ ಹೋದ ಮೀಸೆ

ಕನ್ನಡಕದಣ್ಣನ ಆ ದಿನದ ತಾಪತ್ರಯಕ್ಕೆಲ್ಲ ಮೂಲ ಒಂದು ನಲ್ಲಿಯ ಚಿತ್ರ. ಭಾವಮೈದ ಉಡುಗೊರೆಯಾಗಿ ಕಳಿಸಿದ ಎಲೆಕ್ಟ್ರಿಕ್ ಶೇವರಿನ ಡಬ್ಬಿಯ ಮೇಲೆ ಅದು ಅಚ್ಚಾಗಿತ್ತು. ನಲ್ಲಿ, ಅದರಿಂದ ತೊಟ್ಟಿಕ್ಕುವ ಹನಿ, ಎರಡರ ಮೇಲೂ ಅಡ್ಡಲಾಗಿ ಒಂದು ಕೆಂಪು ಗೆರೆ. ಇದಕ್ಕೆ ನೀರು ಸೋಕಿಸಬೇಡಿ, ಒಣ ಮುಖಕ್ಕೇ ಹಿಡಿಯಿರಿ ಎಂಬುದು ಮಾಡಿದವರ ಇಂಗಿತ. ಕನ್ನಡಕದಣ್ಣ ಅರ್ಥ ಮಾಡಿಕೊಂಡದ್ದು ಬೇರೆ. ಶೇವ್ ಮಾಡುವಾಗ ನಲ್ಲಿ ಬಿಟ್ಟುಕೊಂಡು ನೀರು ದಂಡ ಮಾಡಬೇಡಿ ಎಂದು ಹೇಳಿದ್ದಾರೆ, ಎಷ್ಟು ಒಳ್ಳೆಯ ಕಂಪನಿ ಎಂದು ತಲೆದೂಗಿ, ನಲ್ಲಿಯನ್ನು ಬಿಗಿಯಾಗಿ ತಿರುಗಿಸಿ, ಮಗ್ಗಿನ ನೀರಿನಲ್ಲಿ ಬ್ರಷ್ ಅದ್ದಿದ.

ಚಿತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಎಲ್ಲವನ್ನೂ ಬಿಡಿಸಿ ಬರೆದಿದ್ದರು. ಆದರೆ ಕನ್ನಡಕ ಹಾಕಿಕೊಂಡು ಯಾರಾದರೂ ಮುಖಕ್ಕೆ ಕ್ರೀಮು ಬಳಿದುಕೊಳ್ಳುತ್ತಾರೆಯೇ? ಅದನ್ನು ತೆಗೆದು ಕಿಟಕಿಯ ಮೇಲಿಟ್ಟಾಗಿತ್ತು. ಕನ್ನಡಕದಂಗಡಿಯಲ್ಲಿ ಕೂತು ಊರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಮನುಷ್ಯನಿಗೆ ತನ್ನ ಮೂಗಿನ ತುದಿಯಾಚೆ ಎಲ್ಲವೂ ಮಂಜು.

ನೊರೆಯಿಲ್ಲದ ಶೇವಿಂಗ್ ಅವನ ಕಲ್ಪನೆಗೇ ನಿಲುಕದ ಸಂಗತಿ. ಪ್ರಾಯ ಬಂದಾಗಿನಿಂದ ಮೊದಲು ನೊರೆ, ಆಮೇಲೆ ಬ್ಲೇಡು. ಮಿಷನ್ ಬಂತೆಂದರೆ ಬ್ಲೇಡಿನ ಕೆಲಸ ಹೋಯಿತೇ ಹೊರತು ನೊರೆಯ ಕೆಲಸ ಹೋಗುತ್ತದೆಯೇ? ದುಬಾರಿ ವಸ್ತುವಿಗೆ ಮರ್ಯಾದೆ ಇರಲಿ ಎಂದು ಎಂದಿಗಿಂತ ಎರಡು ಪಟ್ಟು ಕ್ರೀಮು ಹಿಂಡಿ, ಗಲ್ಲ, ಗದ್ದ, ಕತ್ತು, ಮೀಸೆಯ ಅಂಚು ಎಲ್ಲವನ್ನೂ ಮುಚ್ಚಿಬಿಟ್ಟ.

ಮೀಸೆಯ ವಿಚಾರ ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಅದು ಅಂದಕ್ಕಾಗಿ ಇಟ್ಟ ಮೀಸೆಯಲ್ಲ. ದಪ್ಪಗೆ, ನರೆತು, ಪಾತ್ರೆ ತಿಕ್ಕುವ ಬ್ರಷ್ಷಿನ ಹಾಗಿತ್ತು. ಆದರೆ ಆ ಮನೆಯಲ್ಲಿ ಅದಕ್ಕೊಂದು ಹುದ್ದೆಯಿತ್ತು. ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅವನ ತಾಯಿ ಕೂತಿರುತ್ತಿದ್ದರು. ಅವರಿಗೆ ಮರೆವು. ಶುರುವಾದಾಗ ಸೊಸೆಯ ಹೆಸರು ಮರೆಯಿತು, ಆಮೇಲೆ ಸೊಸೆಯೇ ಮರೆತು ಹೋಗಿ ಅವಳನ್ನು ನರ್ಸಮ್ಮ ಎಂದು ಕರೆಯತೊಡಗಿದರು. ಕನ್ನಡಕದಣ್ಣನ ಅಕ್ಕ ದೂರದಿಂದ ಬಂದು ಕಾಲ ಬಳಿ ಕೂತರೆ, "ಯಾವ ಮನೆಯವರಮ್ಮ ನೀವು?" ಎಂದು ಕೇಳಿ ಅವಳನ್ನು ಅಳಿಸಿದರು. ಆದರೆ ಬೆಳಿಗ್ಗೆ ಟೀ ತೆಗೆದುಕೊಂಡು ಮಗ ಒಳಗೆ ಹೋದರೆ ತಲೆಯೆತ್ತಿ, ಅವನ ಮೂಗಿನ ಕೆಳಗೆ ಕಣ್ಣು ನೆಟ್ಟು, ಮುಖ ತುಂಬ ನಗುತ್ತಿದ್ದರು. "ಬಂದ್ಯಾ ಮಗಾ?"

ಅಷ್ಟೇ ಮಾತು. ಆ ಮಾತಿನ ಮೇಲೆ ಅವನ ಇಡೀ ದಿನ ನಡೆಯುತ್ತಿತ್ತು. ನಿಜ ಹೇಳಬೇಕೆಂದರೆ ಅದರ ಬಗ್ಗೆ ಅವನಿಗೆ ಸ್ವಲ್ಪ ಜಂಬವೂ ಇತ್ತು. ಅಕ್ಕ ಫೋನು ಮಾಡಿದಾಗ, "ಪಾಪ, ನಿನ್ನ ಮರ್ತಿದ್ದಾಳೆ ಕಣೇ, ಬೇಜಾರು ಮಾಡ್ಕೋಬೇಡ, ನನ್ನೊಬ್ಬನ್ನ ಮಾತ್ರ ಅದು ಹೇಗೋ..." ಎಂದು ಬೇಜಾರಾಗುವ ಹಾಗೆಯೇ ಹೇಳುತ್ತಿದ್ದ. ಅಮ್ಮನಿಗೆ ಗುರುತು ಹತ್ತುವಂಥದ್ದು ಯಾವುದನ್ನೂ ಬದಲಾಯಿಸಬೇಡಿ, ಕುರ್ಚಿ ಇದ್ದಲ್ಲೇ ಇರಲಿ ಎಂದು ಡಾಕ್ಟರು ಹೇಳಿದ್ದರು. ಮೀಸೆಯೂ ಇದ್ದಲ್ಲೇ ಇರಲಿ ಎಂದು ಇವನು ಮನಸ್ಸಿನಲ್ಲೇ ಸೇರಿಸಿಕೊಂಡಿದ್ದ.

ಈಗ ಗುಂಡಿ ಒತ್ತಿದ. ಶೇವರ್ ಜೇನುಹುಳದ ಹಾಗೆ ಗುಂಯ್‌ಗುಟ್ಟಿತು. ಗಲ್ಲಕ್ಕೆ ಹಿಡಿದದ್ದೇ ತಡ, ನೊರೆ ಕನ್ನಡಿಗೂ ಗೋಡೆಗೂ ಕಿಟಕಿಯ ಮೇಲಿದ್ದ ಕನ್ನಡಕಕ್ಕೂ ರಪರಪ ಸಿಡಿಯಿತು. ಹೊಸ ಮಿಷನ್ನಿನ ಶಕ್ತಿ ಎಂದು ಅವನಿಗೆ ಖುಷಿಯಾಯಿತು. ಆಮೇಲೆ ಅದರ ದನಿ ಗೊರಗೊರ ಎಂದು ಬದಲಾಯಿತು, ಅಜೀರ್ಣವಾದವರ ಹಾಗೆ. ಒತ್ತಿ ಹಿಡಿದ. ಕೈ ಜಾರಿತು. ಜಾರಿದ ಬೆರಳು ಪಕ್ಕದ ಯಾವುದೋ ಗುಂಡಿಗೆ ತಗುಲಿ, ಮಿಷನ್ನಿನ ತಲೆಯಿಂದ ಬಾಚಣಿಗೆಯಂಥ ಹಲ್ಲಿನ ಸಾಲೊಂದು ಹೊರಗೆ ಹಾರಿತು. ನೊರೆಯೊಳಗೆ ಗಲ್ಲ ಎಲ್ಲಿ ಮುಗಿಯಿತು, ಮೀಸೆ ಎಲ್ಲಿ ಶುರುವಾಯಿತು ಎಂದು ಅವನಿಗೆ ಕಾಣಲಿಲ್ಲ. ಮಿಷನ್ನಿಗೆ ಅದು ಬೇಕಾಗಿಯೂ ಇರಲಿಲ್ಲ. ಕರ್ರ್ ಎಂದು ಕಚ್ಚಿ, ಕೊನೆಯ ಉಸಿರೆಳೆದು, ನಿಂತುಹೋಯಿತು.

ಮುಖ ತೊಳೆದು, ಕನ್ನಡಕ ಒರೆಸಿ ಹಾಕಿಕೊಂಡು ನೋಡಿದ. ಬಲಗಡೆ ಮೀಸೆ ಇತ್ತು. ಎಡಗಡೆಯದು ಶೇವರಿನ ಬಾಯಲ್ಲಿತ್ತು.

ಅವನ ಕೂಗು ಕೇಳಿ ಹೆಂಡತಿ ಓಡಿಬಂದಳು. "ರೀ, ಏನ್ರೀ ಇದು? ಇನ್ನರ್ಧ ಎಲ್ಲಿ?" ಎಂದು ನಗತೊಡಗಿದವಳು ಅರ್ಧಕ್ಕೇ ನಿಲ್ಲಿಸಿದಳು. ಇಬ್ಬರೂ ಹಿಂದಿನ ಕೋಣೆಯ ಪರದೆಯ ಕಡೆ ನೋಡಿದರು.

"ಟೀ ನಾನೇ ಕೊಟ್ಟು ಬರ್ತೀನಿ," ಎಂದಳು ಹೆಂಡತಿ, ದನಿ ತಗ್ಗಿಸಿ. "ನೀವು ಈ ಅವತಾರದಲ್ಲಿ ಒಳಗೆ ಬರ್ಬೇಡಿ."

ಪರದೆಯ ಈಚೆ ನಿಂತು ಅವನು ಕಿವಿಗೊಟ್ಟ. ಲೋಟ ಇಟ್ಟ ಸದ್ದಾಯಿತು. ಅಮ್ಮನ ದನಿ ಕೇಳಿತು: "ನರ್ಸಮ್ಮ, ಅವರು ಬರ್ಲಿಲ್ವಾ ಇವತ್ತು?" ಬರ್ತಾರೆ, ಸ್ವಲ್ಪ ಕೆಲಸ ಇದೆ ಎಂದಳು ಹೆಂಡತಿ. ಹೆತ್ತ ಮಗನನ್ನು "ಅವರು" ಎಂದದ್ದು ವಿಚಿತ್ರವಾಗಿ ಕೇಳಿದರೂ, ತನ್ನನ್ನೇ ಕಾಯುತ್ತಿದ್ದಾಳಲ್ಲ ಎಂದುಕೊಂಡ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಜಟ್ಟಿ ನಿಂತೇ ಇದ್ದ, ಬಿದ್ದದ್ದು ಮೀಸೆ.

ಅಷ್ಟರಲ್ಲಿ ಮೇಲಿನ ಮನೆಯ ಫ್ಯೂಸ್ ಮಾವ ಮೆಟ್ಟಿಲಿಳಿದು ಬಂದರು. ಎಲೆಕ್ಟ್ರಿಷಿಯನ್ ಕೆಲಸದಿಂದ ನಿವೃತ್ತರಾದ ಮೇಲೆ ಕಟ್ಟಡದ ಯಾವ ಮನೆಯಲ್ಲಿ ಏನು ಕೆಟ್ಟರೂ ಕರೆಯದೆ ಬರುವವರು ಅವರೇ.

"ಕಿರುಚಿದ್ದು ನೀವಾ? ಶಾಕ್ ಹೊಡೀತಾ?" ಎಂದು ಕೇಳಿದವರು ಮುಖ ನೋಡಿ, "ಇಲ್ಲ, ಶಾಕ್ ಅಲ್ಲ ಇದು," ಎಂದು ತಾವೇ ತೀರ್ಮಾನಿಸಿದರು. "ಮಿಷನ್ ಕೊಡಿ ಇಲ್ಲಿ. ಅದೇ ಅರ್ಧ ತೆಗೆದದ್ದು, ಅದೇ ಇನ್ನರ್ಧ ತೆಗೀಲಿ. ಸಮ ಆಗುತ್ತೆ."

"ಸಮ ಮಾಡೋದು ಬೇಡ ಮಾವ! ಇರೋದು ಉಳೀಲಿ!"

ಅವರು ಕೇಳಬೇಕಲ್ಲ. ನೆಲದ ಮೇಲೆ ಹಳೆಯ ಪೇಪರು ಹಾಸಿ, ಸ್ಕ್ರೂ ಬಿಚ್ಚಿ, ಶೇವರಿನ ಹೊಟ್ಟೆ ತೆರೆದರು. ಒಳಗೆಲ್ಲ ಬಿಳಿ ಕ್ರೀಮು. "ಮೋಟರಿಗೂ ಶೇವ್ ಮಾಡಿಸೋ ಹಾಗೆ ಹಚ್ಚಿದ್ದೀರಲ್ರೀ!" ಎಂದು ಒರೆಸಿ, ಊದಿ, ಮತ್ತೆ ಮುಚ್ಚಿ, ವೈರು ಸಿಕ್ಕಿಸಿ ಸ್ವಿಚ್ ಹಾಕಿದರು. ಟಪ್ ಎಂದಿತು. ಫ್ಯಾನು ನಿಂತಿತು. ಪಕ್ಕದ ಮನೆಯ ಮಿಕ್ಸಿ ನಿಂತಿತು. ಇಡೀ ಕಟ್ಟಡದ ಕರೆಂಟು ಹೋಗಿ, ಬಾಗಿಲುಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಇದೇ. ಹೆಂಡತಿಗೂ ಮಾವನಿಗೂ ಮಾತ್ರ ಗೊತ್ತಿದ್ದ ಸಂಗತಿ ಈಗ ಎಲ್ಲ ಅಂತಸ್ತುಗಳಿಗೂ ಗೊತ್ತಾಯಿತು.

"ಅಯ್ಯೋ, ಅಜ್ಜಿಗೆ ಗುರುತು ಸಿಗೋದೇ ಆ ಮೀಸೆಯಿಂದ!" ಎಂದು ಎದುರುಮನೆಯ ಪಾರ್ಲರಮ್ಮ ಎದೆ ಮುಟ್ಟಿಕೊಂಡರು. ಮದುಮಕ್ಕಳಿಗೆ ಮೇಕಪ್ ಮಾಡಿ ಹೆಸರಾದವರು. ಒಳಗೆ ಹೋಗಿ ಹುಬ್ಬು ತೀಡುವ ಪೆನ್ಸಿಲ್ ತಂದರು. "ಅಲ್ಲಾಡ್ಬೇಡಿ ಅಣ್ಣ. ಹುಬ್ಬೇ ಇಲ್ಲದೋರಿಗೆ ಹುಬ್ಬು ಬರೆದಿದ್ದೀನಿ, ಮೀಸೆ ಯಾವ ಲೆಕ್ಕ!"

ಬರೆದರು. ದೂರದಿಂದ ನೋಡಿದರೆ ಮೀಸೆಯೇ. ಹತ್ತಿರದಿಂದ ನೋಡಿದರೆ ಬಲಗಡೆ ಬೆಳೆ, ಎಡಗಡೆ ಬೆಳೆಯ ನಕ್ಷೆ. ಅಮ್ಮನ ಮುಂದೆ ಹೋಗಲು ಧೈರ್ಯ ಬರಲಿಲ್ಲ. ಅಂಗಡಿಗೆ ಹೊತ್ತಾಗಿತ್ತು. ಮಾಸ್ಕ್ ಕಟ್ಟಿಕೊಂಡು ಹೊರಟ.

ಅಂಗಡಿಯ ಯಜಮಾನರಿಗೆ ಮಾಸ್ಕ್ ಹಿಡಿಸಲಿಲ್ಲ. "ಮುಖ ಮುಚ್ಕೊಂಡು ಮಾರಿದ್ರೆ ಕದ್ದ ಮಾಲು ಅನ್ಕೋತಾರೆ ಕಣ್ರೀ, ತೆಗೀರಿ," ಎಂದರು. ತೆಗೆದ. ಗೋಡೆಯುದ್ದಕ್ಕೂ ಕನ್ನಡಿಗಳಿದ್ದ ಅಂಗಡಿ ಅದು. ಎತ್ತ ತಿರುಗಿದರೂ ಒಬ್ಬೊಬ್ಬ ಕನ್ನಡಕದಣ್ಣ, ಪ್ರತಿಯೊಬ್ಬನಿಗೂ ಎರಡು ಬಣ್ಣದ ಮೀಸೆ. ದಿನವೂ ಜನ ಈ ಕನ್ನಡಿಗಳ ಮುಂದೆ ಹೊಸ ಫ್ರೇಮು ಹಾಕಿಕೊಂಡು, ಇದು ನನಗೆ ಒಪ್ಪುತ್ತದೆಯೇ ಎಂದು ಇವನನ್ನು ಕೇಳುತ್ತಿದ್ದರು. ಒಪ್ಪುತ್ತೆ ಸಾರ್, ನಿಮ್ಮ ಮುಖವೇ ಅನ್ನಿಸುತ್ತೆ ಎಂದು ಇವನು ಹೇಳುತ್ತಿದ್ದ. ಮುಖವೆಂದರೆ ಯಾವುದು, ಮೇಲೆ ಹಾಕಿಕೊಂಡದ್ದೋ ಒಳಗಿರುವುದೋ ಎಂದು ಅವನು ಅದುವರೆಗೆ ಯೋಚಿಸಿರಲಿಲ್ಲ. ಅವತ್ತು ಯೋಚಿಸುವ ಹಾಗಾಯಿತು. ನನ್ನಲ್ಲಿ ಅಮ್ಮ ಗುರುತಿಟ್ಟುಕೊಂಡದ್ದು ಬರೀ ಒಂದು ಹಿಡಿ ಕೂದಲನ್ನೇ?

ಹೊಸ ಕನ್ನಡಕ ತೆಗೆದುಕೊಂಡು ಹೋಗಲು ಲಾಯರಜ್ಜ ಬಂದರು. ಕೋರ್ಟಿಗೆ ಹೋಗುವುದು ಬಿಟ್ಟರೂ ಪಾಟೀಸವಾಲು ಬಿಟ್ಟವರಲ್ಲ. ಕರೆಂಟಿಲ್ಲದ ಮನೆಯಿಂದ ಬೆವರಿಕೊಂಡೇ ಬಂದಿದ್ದ ಕನ್ನಡಕದಣ್ಣ ಅವರ ಎದುರು ಬಗ್ಗಿ, ಕಿವಿಯ ಹಿಂದೆ ಕಡ್ಡಿ ಸರಿಮಾಡಿ, "ಈಗ ನನ್ನ ಮುಖ ನೋಡಿ ಸಾರ್, ಸ್ಪಷ್ಟ ಕಾಣುತ್ತಾ?" ಎಂದ. ಪ್ರತಿಯೊಬ್ಬ ಗಿರಾಕಿಗೂ ಕೇಳುವ ಪ್ರಶ್ನೆ, ಬಾಯಿ ತಪ್ಪಿ ಬಂದುಬಿಟ್ಟಿತು.

ಲಾಯರಜ್ಜ ನೋಡಿದರು. ಒಂದು ಕಣ್ಣು ಮುಚ್ಚಿ ನೋಡಿದರು. ಇನ್ನೊಂದು ಕಣ್ಣು ಮುಚ್ಚಿ ನೋಡಿದರು.

"ಒಂದು ಕಡೆ ಗಾಜು ತಪ್ಪು ಹಾಕಿದ್ದೀರಿ."

"ಇಲ್ಲ ಸಾರ್, ನಾನೇ ಪರೀಕ್ಷೆ ಮಾಡಿದ್ದೀನಿ."

"ಹಾಗಾದ್ರೆ ನಿಮ್ಮ ಮೀಸೆ ಒಂದು ಕಡೆ ಇದ್ದಲ್ಲೇ ಇದೆ, ಇನ್ನೊಂದು ಕಡೆ ಕೆಳಕ್ಕಿಳೀತಿದೆ. ಯಾಕೆ?"

ಗಾಜು ಸರಿಯಾಗಿದೆ ಎಂದರೆ ಮೀಸೆಯ ಮಾನ ಹೋಗುತ್ತದೆ, ಮೀಸೆ ಸರಿಯಾಗಿದೆ ಎಂದರೆ ಅಂಗಡಿಯ ಮಾನ ಹೋಗುತ್ತದೆ. ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ಬರುತ್ತಿದ್ದರು. ಲಾಯರಜ್ಜ ಸಾಕ್ಷಿಗಾಗಿ ಕಾಯಲಿಲ್ಲ. ಬೆರಳು ಚಾಚಿ ಮೀಸೆಯ ಎಡಭಾಗವನ್ನು ಒರೆಸಿ, ಕಪ್ಪಾದ ಬೆರಳನ್ನು ಬೆಳಕಿಗೆ ಹಿಡಿದರು.

"ಕನ್ನಡಕ ಸರಿಯಾಗಿದೆ," ಎಂದು ತೀರ್ಪು ಕೊಟ್ಟರು. "ಹಾಕಿಕೊಟ್ಟವನೇ ಸರಿಯಿಲ್ಲ."

ಯಜಮಾನರು ಏನೂ ಬೈಯಲಿಲ್ಲ. ಬಾಗಿಲಿನ ಕಡೆ ಕೈ ತೋರಿಸಿ, "ಕಟಿಂಗ್ ಅಂಗಡಿಗೆ ಹೋಗಿ. ಎರಡೂ ಕಡೆ ಒಂದೇ ಥರ ಆದ್ಮೇಲೆ ನಾಳೆ ಬನ್ನಿ," ಎಂದರಷ್ಟೇ.

ಕಟಿಂಗ್ ಅಂಗಡಿಯವನು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಗದ್ದ ಹಿಡಿದು ಬೆಳಕಿಗೆ ತಿರುಗಿಸಿ, ಕತೆಯೆಲ್ಲ ಕೇಳಿದ. "ಒಣ ಮಿಷನ್ನಿಗೆ ಕ್ರೀಮ್ ಹಚ್ಚಿದ್ರಾ? ಛತ್ರಿ ಹಿಡ್ಕೊಂಡು ಸ್ನಾನ ಮಾಡಿದ ಹಾಗಾಯ್ತು ಬಿಡಿ."

"ಇದನ್ನ ಉಳಿಸೋಕೆ ಏನಾದ್ರೂ ಮಾಡೋಕಾಗುತ್ತಾ?"

"ಅರ್ಧ ಮೀಸೆ ಉಳಿಸ್ಕೊಂಡು ಏನು ಮಾಡ್ತೀರಿ ಅಣ್ಣ? ತೆಗೆದುಬಿಡೋಣ. ನಿಮ್ಮ ವಯಸ್ಸಿಗೆ ಮತ್ತೆ ಈ ಗಾತ್ರಕ್ಕೆ ಬರೋಕೆ ಒಂದೆರಡು ತಿಂಗಳು ಹಿಡಿಯುತ್ತೆ ಅಷ್ಟೇ."

ಅಷ್ಟೇ! ಅಮ್ಮನಿಗೆ ಬೆಳಿಗ್ಗೆ ನೋಡಿದ್ದು ಸಂಜೆಗೆ ನೆನಪಿರುವುದಿಲ್ಲ. ಎರಡು ತಿಂಗಳು ಕಾಣದ ಮಗ ಆ ತಲೆಯೊಳಗೆ ಎಲ್ಲಿ ಉಳಿದಾನು? ಕೈಗೆ ಸಿಕ್ಕಿದ್ದ ಕೊನೆಯ ದಾರ ಅದು. ಕಟಿಂಗ್ ಅಂಗಡಿಯವನು ಶಾಲೆಯ ನಾಟಕಗಳಿಗೆ ಬಾಡಿಗೆಗೆ ಕೊಡುವ ಅಂಟುಮೀಸೆಗಳ ಡಬ್ಬಿ ತೆಗೆದು, ರಾಜನದು, ಕಳ್ಳನದು, ಪೊಲೀಸಿನವನದು ಎಂದು ಸಾಲಾಗಿ ಇಟ್ಟ. ಕನ್ನಡಕದಣ್ಣ ಪೊಲೀಸಿನವನದನ್ನು ಎತ್ತಿ ಮೂಗಿನ ಕೆಳಗೆ ಹಿಡಿದು ನೋಡಿ, ಹಾಗೆಯೇ ಕೆಳಗಿಟ್ಟ. ಸುಳ್ಳು ಮೀಸೆ ತೋರಿಸಿ ಮಗಾ ಎನ್ನಿಸಿಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ. ಅಮ್ಮನಿಗೆ ತಾನು ಯಾವತ್ತೂ ಮೋಸ ಮಾಡಿಲ್ಲ, ಈ ವಯಸ್ಸಿನಲ್ಲಿ ಅಂಟು ಹಚ್ಚಿಕೊಂಡು ಶುರು ಮಾಡುವುದು ಬೇಡ ಅನ್ನಿಸಿತು.

"ತೆಗೀರಿ," ಎಂದು ಕಣ್ಣು ಮುಚ್ಚಿದ.

ಕಣ್ಣು ತೆರೆದಾಗ ಕನ್ನಡಿಯಲ್ಲಿ ಅಪರಿಚಿತನೊಬ್ಬ ಕೂತಿದ್ದ. ವರ್ಷಗಟ್ಟಲೆ ಬಿಸಿಲು ಕಾಣದ ಮೇಲ್ದುಟಿಯ ಮೇಲಿನ ಜಾಗ ಬಿಳಿಚಿಕೊಂಡು, ತೂಗುಹಾಕಿದ್ದ ಫೋಟೋ ತೆಗೆದ ಗೋಡೆಯ ಹಾಗೆ ಕಾಣುತ್ತಿತ್ತು. ಆ ಅಪರಿಚಿತನ ಮೇಲೆ ಕನ್ನಡಕದಣ್ಣನಿಗೆ ಯಾಕೋ ಕನಿಕರ ಹುಟ್ಟಿತು.

ಮನೆಗೆ ನಡೆಯುತ್ತ ತನಗೆ ತಾನೇ ಧೈರ್ಯ ಹೇಳಿಕೊಂಡ. ಮೀಸೆ ಹೋದರೇನು, ದನಿ ಅದೇ ಇದೆ, ನಡಿಗೆ ಅದೇ ಇದೆ, ಟೀ ಲೋಟ ಹಿಡಿಯುವ ಕೈ ಅದೇ ಇದೆ. ಹೆತ್ತವಳಿಗೆ ಅಷ್ಟೂ ತಿಳಿಯದೇ? ಹೀಗೆ ಹೇಳಿಕೊಳ್ಳುತ್ತಲೇ ಎರಡು ಸಲ ಮನೆಯ ತಿರುವು ದಾಟಿ ಮುಂದೆ ಹೋಗಿ ವಾಪಸು ಬಂದ.

ಮನೆಯ ಹಜಾರದಲ್ಲಿ ಜನ ಸೇರಿದ್ದರು. ಕರೆಂಟು ಬಂದಿತ್ತು. ಫ್ಯೂಸ್ ಮಾವ ಶೇವರನ್ನು ಜೋಡಿಸಿ ಮುಗಿಸಿ, ಮಿಕ್ಕ ಎರಡು ಸ್ಕ್ರೂಗಳನ್ನು ಅಂಗೈಯಲ್ಲಿ ಆಡಿಸುತ್ತ ಕೂತಿದ್ದರು. ಪಾರ್ಲರಮ್ಮ ಇದ್ದರು. ಅಜ್ಜಿಗೆ ಗುರುತು ಸಿಗುತ್ತದೋ ಇಲ್ಲವೋ ಎಂದು ನೋಡದೆ ಯಾರೂ ಏಳುವ ಹಾಗೆ ಕಾಣಲಿಲ್ಲ.

"ಹತ್ತು ವರ್ಷ ಚಿಕ್ಕೋರ ಥರ ಕಾಣ್ತಿದ್ದೀರಿ ಅಣ್ಣ," ಎಂದರು ಪಾರ್ಲರಮ್ಮ, ಸಮಾಧಾನಕ್ಕೆ.

ಹೆಂಡತಿ ಟೀ ಲೋಟ ಕೈಗಿತ್ತಳು. "ಬೆಳಿಗ್ಗೆಯಿಂದ ಬಾಗಿಲು ನೋಡ್ತಾನೇ ಇದ್ದಾರೆ ರೀ," ಎಂದಳು.

ಪರದೆ ಸರಿಸಿ ಒಳಗೆ ಹೋದ. ಇಳಿಬಿಸಿಲು ಕುರ್ಚಿಯ ಕಾಲಿನ ತನಕ ಬಂದಿತ್ತು. ಅಮ್ಮ ತಲೆಯೆತ್ತಿದರು. ಕಣ್ಣು ಎಂದಿನಂತೆ ಅವನ ಮೂಗಿನ ಕೆಳಗೆ ಬಂದು ಹುಡುಕಿ, ಏನೂ ಸಿಗದೆ, ಮೇಲೆ ಹೋಯಿತು.

"ಯಾರಪ್ಪಾ? ಬನ್ನಿ, ಕೂತ್ಕೊಳ್ಳಿ," ಎಂದರು, ಹೊರಗಿನವರಿಗೆ ಹೇಳುವ ಮರ್ಯಾದೆಯಲ್ಲಿ.

ಅವನು ಕೂತ. ಬೆಳಿಗ್ಗೆಯಿಂದ ಯಾವುದಕ್ಕೆ ಹೆದರಿದ್ದನೋ ಅದು ಆಗಿಹೋಗಿತ್ತು. ಲೋಟ ಕೊಟ್ಟ. ಅಮ್ಮ ಎರಡು ಗುಟುಕು ಕುಡಿದು, ಬಾಗಿಲಿನ ಕಡೆ ನೋಡಿ, "ಇವತ್ತು ಮೀಸೆಯವರು ಬರ್ಲೇ ಇಲ್ಲ," ಎಂದರು.

"ಯಾರಮ್ಮ ಮೀಸೆಯವರು?"

"ಒಬ್ಬರು ಬರ್ತಾರೆ ದಿನಾ ಬೆಳಿಗ್ಗೆ. ದೊಡ್ಡ ಮೀಸೆ. ಟೀ ತಂದ್ಕೊಡ್ತಾರೆ. ಯಾವ ಮನೆಯವರೋ ಏನೋ, ಬಹಳ ಒಳ್ಳೇವರು."

"ಅವರು... ನಿಮ್ಮ ಮಗ ಅಲ್ವಾ?" ಎಂದ ಕನ್ನಡಕದಣ್ಣ.

ಅಮ್ಮ ಮನಸಾರೆ ನಕ್ಕರು. "ನನ್ನ ಮಗನಾ? ಚೆನ್ನಾಗಿ ಹೇಳಿದ್ರಿ! ನನ್ನ ಮಗ ಇಷ್ಟುದ್ದ ಇದ್ದಾನೆ," ಎಂದು ಕುರ್ಚಿಯ ಕೈಯ ಎತ್ತರಕ್ಕೆ ಅಂಗೈ ಹಿಡಿದು ತೋರಿಸಿದರು. "ಅವನಿಗೆಲ್ಲಿಂದ ಬರ್ಬೇಕು ಮೀಸೆ? ಶಾಲೆಗೆ ಹೋಗಿದ್ದಾನೆ. ಇನ್ನೇನು ಬರೋ ಹೊತ್ತು."

"ಮತ್ತೆ ಅವರನ್ನ ಮಗಾ ಅಂತ ಕರೀತೀರಲ್ಲ?"

ಅಮ್ಮ ಬಾಗಿಲಿನ ಕಡೆ ನೋಡಿ, ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿದರು. "ಪಾಪ, ಅವರಿಗೆ ಯಾರೂ ಇಲ್ಲ ಅನ್ಸುತ್ತೆ. ಬಂದಾಗೆಲ್ಲ ಅಮ್ಮ, ಅಮ್ಮ ಅಂತ ನನ್ನ ಮುಖಾನೇ ನೋಡ್ತಾ ಕೂತಿರ್ತಿದ್ರು. ನನಗೇ ತಡೀಲಿಲ್ಲ. ಒಂದಿನ ಬಂದ್ಯಾ ಮಗಾ ಅಂದೆ. ಮುಖ ಹೇಗೆ ಅರಳ್ತು ಅಂತೀರಿ! ಆವತ್ತಿಂದ ಹಾಗೇ ಅಂತೀನಿ. ನನ್ನ ಗಂಟೇನು ಹೋಗುತ್ತೆ? ಆದ್ರೆ ಈ ವಿಷಯ ನನ್ನ ಮಗನಿಗೆ ಮಾತ್ರ ಹೇಳ್ಬೇಡಿ. ಹೊಟ್ಟೆಕಿಚ್ಚು ಪಡ್ತಾನೆ."

ಅವನಿಗೆ ಹೊಟ್ಟೆಕಿಚ್ಚೇ ಆಯಿತು. ಶಾಲೆಗೆ ಹೋದ ಆ ಗಿಡ್ಡನ ಮೇಲೂ, ಬೆಳಿಗ್ಗೆ ನೊರೆಯಲ್ಲಿ ಹೋದ ಆ ಮೀಸೆಯವನ ಮೇಲೂ. ಅಕ್ಕನಿಗೆ ಫೋನಿನಲ್ಲಿ ಹೇಳಿದ ಜಂಬದ ಮಾತೆಲ್ಲ ಒಟ್ಟಿಗೆ ನೆನಪಾಗಿ ನಾಚಿಕೆಯಾಯಿತು. ಅದರ ಹಿಂದೆಯೇ ದುಃಖ ಉಕ್ಕಿಬಂತು.

"ನಾನೇ ನಿನ್ನ ಮಗ ಅಮ್ಮ," ಎಂದುಬಿಟ್ಟ.

ಅಮ್ಮ ಲೋಟ ಕೆಳಗಿಟ್ಟು ಅವನನ್ನು ಬಹಳ ಹೊತ್ತು ನೋಡಿದರು. ಬರಿದಾದ ಮುಖವನ್ನು, ಕನ್ನಡಕದ ಹಿಂದಿನ ಒದ್ದೆ ಕಣ್ಣುಗಳನ್ನು ನೋಡಿದರು. ಅವರ ಮುಖದಲ್ಲಿ ಏನೋ ಕರಗಿತು.

"ಅಯ್ಯೋ ಪಾಪ," ಎಂದರು ಅಮ್ಮ. "ನಿನಗೂ ಯಾರೂ ಇಲ್ವಾ?"

ಅವನು ಹೌದೆಂದೋ ಇಲ್ಲವೆಂದೋ ತಿಳಿಯದೆ ತಲೆಯಾಡಿಸಿದ. ಅಮ್ಮ ಕೈ ಚಾಚಿ ಅವನ ನುಣುಪಾದ ಗಲ್ಲವನ್ನು ಮೆಲ್ಲಗೆ ತಟ್ಟಿದರು. "ಅಳ್ಬೇಡ. ನಾನಿದ್ದೀನಲ್ಲ. ನೀನೂ ಬರ್ತಾ ಇರು. ಟೀ ಕುಡಿದ್ಯಾ ಮಗಾ?"

ಹಜಾರಕ್ಕೆ ಬಂದಾಗ ಎಲ್ಲರೂ ಎದ್ದು ನಿಂತರು.

"ಏನಂದ್ರು ಅಜ್ಜಿ? ಗುರುತು ಹಿಡಿದ್ರಾ?" ಎಂದು ಕೇಳಿದರು ಫ್ಯೂಸ್ ಮಾವ.

"ಮಗಾ ಅಂದ್ಲು," ಎಂದ ಕನ್ನಡಕದಣ್ಣ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

"ನೋಡಿದ್ರಾ, ನೋಡಿದ್ರಾ! ಹೆತ್ತ ಕರುಳು ಅಂದ್ರೆ ಇದು!" ಎಂದು ಮಾವ ತೊಡೆ ತಟ್ಟಿದರು. "ಮೀಸೆಗೀಸೆ ಎಲ್ಲ ನೆಪ ಕಣ್ರೀ. ತಾಯಿಗೆ ಮಗ ಗೊತ್ತಾಗಲ್ವಾ?" ಪಾರ್ಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಹೆಂಡತಿಯೂ ಕಣ್ಣೊರೆಸಿಕೊಂಡು, ಈಗಲೇ ಅಕ್ಕನಿಗೆ ಫೋನ್ ಮಾಡಿ ಹೇಳಿ ಎಂದಳು.

ಆಮೇಲೆ ಮಾಡುತ್ತೇನೆ ಎಂದು ಅವನು ಅಡುಗೆಮನೆಗೆ ಹೋಗಿ, ಅಮ್ಮನ ಲೋಟ ತೊಳೆದು ಬೋರಲು ಹಾಕಿದ. ಹಿಂದಿನ ಕೋಣೆಯಿಂದ ಅಮ್ಮನ ದನಿ ಕೇಳಿಸಿತು. ಮಗ ಶಾಲೆಯಿಂದ ಇನ್ನೂ ಬಂದಿಲ್ಲ, ಯಾರಾದರೂ ಹೋಗಿ ನೋಡಿಕೊಂಡು ಬನ್ನಿ ಎಂದು ನರ್ಸಮ್ಮನಿಗೆ ಹೇಳುತ್ತಿದ್ದರು. ಕನ್ನಡಕದಣ್ಣ ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ, ನೋಡಿಕೊಂಡು ಬರಲು ಹೊರಟ.